ಒಳ್ಳೇದು ಬಂದ ಭಾನುವಾರ

ಬೈಂದೂರಿನ ಕೇಬಲ್ ಟಿವಿಯಲ್ಲಿ ಚಂದಯ್ಯ ಕಾಡುಪ್ರಾಣಿಗಳ ಕಾರ್ಯಕ್ರಮ ನಡೆಸುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಆ ಕೆಲಸಕ್ಕೆ ಇನ್ನೊಬ್ಬ ಜನ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಅವನು ಹುಲಿ ಕಂಡವನಲ್ಲ, ಆನೆ ಕಂಡದ್ದೂ ದೇವಸ್ಥಾನದ ಎದುರು. ಆದರೂ ಭಾನುವಾರ ಸಂಜೆ ಆರಕ್ಕೆ ಅವನ ಮುಖ ಟಿವಿಯಲ್ಲಿ ಬಂತೆಂದರೆ ಉಪ್ಪುಂದದ ಹೆಂಗಸರು ಮೀನು ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕೂರುತ್ತಿದ್ದರು.

ಹದಿಮೂರನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿದವನು, ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಹೋಟೆಲು ಮುಚ್ಚಿದ ಮೇಲೆ 1997ರಲ್ಲಿ ಊರಿಗೆ ವಾಪಸು ಬಂದ. ಕೈಯಲ್ಲಿ ಒಂದು ಹಳೇ ವಿಡಿಯೋ ಕ್ಯಾಮೆರಾ ಇತ್ತು. ಮುಂಬಯಿಯಲ್ಲಿ ಹದಿನೈದು ವರ್ಷ ಅವನನ್ನು ‘ಊರಿನವ’ ಎಂದಿದ್ದರು. ಊರಿಗೆ ಬಂದರೆ ‘ಬೊಂಬಾಯಿ ಚಂದಯ್ಯ’ ಎಂದರು. ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಆಯಿತಲ್ಲ ಎಂದು ಅವನಿಗೆ ನಿಜವಾಗಿ ಬೇಸರವಿತ್ತು.

ಹೊಟ್ಟೆಪಾಡಿಗೆ ಮದುವೆ ವಿಡಿಯೋ ತೆಗೆಯತೊಡಗಿದ. ಎರಡು ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಕೋಟೇಶ್ವರದ ಒಂದು ಮದುವೆಯಲ್ಲಿ, ಧಾರೆಯ ಹೊತ್ತಿಗೇ, ಊಟದ ಚಪ್ಪರಕ್ಕೆ ಒಂದು ಉಡ ನುಗ್ಗಿತು. ಚಂದಯ್ಯ ಮದುಮಕ್ಕಳನ್ನು ಅಲ್ಲಿಯೇ ಬಿಟ್ಟು ಉಡದ ಹಿಂದೆ ಹೋದ. ಬಾಳೆ ಎಲೆಗಳ ಮೇಲೆ, ಪಾಯಸದ ಪಾತ್ರೆಯ ಬದಿಯಲ್ಲಿ, ಭಟ್ಟರ ಕಾಲಿನ ನಡುವೆ, ಹೀಗೆ ಇಪ್ಪತ್ತು ನಿಮಿಷ ಬರೀ ಉಡ. ಕ್ಯಾಸೆಟ್ ನೋಡಿದ ಹುಡುಗಿಯ ಅಪ್ಪ ಅವನ ಏಳು ತಲೆಮಾರನ್ನು ಜಾಲಾಡಿದ. ಕೇಬಲ್ ಆಪರೇಟರ್ ಪ್ರವೀಣ ಮಾತ್ರ ಆ ಇಪ್ಪತ್ತು ನಿಮಿಷವನ್ನು ಕೇಳಿ ತಗೊಂಡು ಹೋಗಿ ಟಿವಿಗೆ ಹಾಕಿದ. ಮರುದಿನ ಜನ ಇನ್ನೊಮ್ಮೆ ಹಾಕಿ ಎಂದು ಫೋನ್ ಮಾಡಿದರು. ‘ನಮ್ಮೂರ ಪ್ರಾಣಿ’ ಕಾರ್ಯಕ್ರಮ ಹುಟ್ಟಿದ್ದು ಹಾಗೆ.

ಕಾರ್ಯಕ್ರಮ ಶುರುವಾದರೆ ಹೋಟೆಲಿನಲ್ಲಿ ತಿಂಡಿ ಪಟ್ಟಿ ಹೇಳಿ ಪಳಗಿದ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ‘ಹೆಬ್ಬಾವು, ಮುಂಗುಸಿ, ಕಬ್ಬೆಕ್ಕು, ನೀರುನಾಯಿ, ಇವತ್ತ್ ಸ್ಪೆಷಲ್ ಮುಳ್ಳುಹಂದಿ’ ಎಂದು ಒಂದೇ ಉಸಿರಿಗೆ ಒದರಿಬಿಡುತ್ತಿದ್ದ. ಚಿರತೆಯ ಬಗ್ಗೆ ಮಾಡಿದ ವಾರ ಚಿರತೆ ಸಿಗಲಿಲ್ಲ, ಅದು ಹಿಡಿದು ಬಿಟ್ಟುಹೋಗಿದ್ದ ನಾಯಿಯನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದ. ಅವನ ತಾಯಿ ಬಾಗಿಗೆ ಇದು ಯಾವುದೂ ಹಿಡಿಸುತ್ತಿರಲಿಲ್ಲ. “ಹದ್ನೈದ್ ವರ್ಷ ಬೊಂಬಾಯಗೆ ಪ್ಲೇಟ್ ಎತ್ತಿ, ಇಲ್ ಬಂದ್ ಹಾವಿನ್ ಬಾಲ ಎತ್ತುದಾ?” ಎನ್ನುತ್ತಿದ್ದಳು. ಬಾಲವನ್ನೂ ಎತ್ತಿದವನಲ್ಲ ಪುಣ್ಯಾತ್ಮ. ಹಾವನ್ನು ಹತ್ತು ಮಾರು ದೂರದಿಂದಲೇ ಚಿತ್ರ ತೆಗೆಯುತ್ತಿದ್ದ.

ಅವನಲ್ಲಿ ಒಂದು ದೋಷ ಇತ್ತು. ಹೋಟೆಲಿನ ಯಜಮಾನರು ಗಿರಾಕಿಗೆ ‘ಇಲ್ಲ’ ಅನ್ನಬಾರದು ಎಂದು ಕಲಿಸಿದ್ದರು. ಇಡ್ಲಿ ಖಾಲಿಯಾದರೆ ದೋಸೆ ಬಿಸಿ ಇದೆ ಅನ್ನಬೇಕು. ಟಿವಿಯಲ್ಲೂ ಚಂದಯ್ಯ ‘ಗೊತ್ತಿಲ್ಲ’ ಎಂದವನೇ ಅಲ್ಲ. ತೋಳದ ಬಗ್ಗೆ ಕೇಳಿದರೆ ನರಿಯ ಬಗ್ಗೆ ಧಾರಾಳವಾಗಿ ಹೇಳುತ್ತಿದ್ದ. ವಿದ್ಯೆಯೆಲ್ಲ ಬೆಂಗಳೂರಿಂದ ತರಿಸಿದ ಒಂದು ಹಾವಿನ ಪುಸ್ತಕ, ಉಳಿದದ್ದು ಧೈರ್ಯ. ಆದರೆ ಜನ ಕುಂದಾಪುರದ ಸಂತೆಯಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು, ‘ಪ್ರಾಣಿ ಚಂದಯ್ಯ’ ಎಂದು ಕರೆಯುತ್ತಿದ್ದರು. ಊರು ತನ್ನ ಮಾತು ನಂಬುತ್ತದೆ, ತಾನೀಗ ಊರಿನವನು ಎಂದು ಅವನು ಗಟ್ಟಿಯಾಗಿ ನಂಬಿದ್ದ. ಅವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅದೊಂದೇ.

2005ರಲ್ಲಿ ಪ್ರವೀಣ ನೇರ ಫೋನ್ ಕಾರ್ಯಕ್ರಮ ಮಾಡುವ ಎಂದ. ಮೂರನೇ ಭಾನುವಾರ ಉಪ್ಪುಂದದಿಂದ ಒಂದು ಕರೆ ಬಂತು.

“ಹ್ವಾಯ್ ಚಂದಯ್ಯ, ನಾನ್ ಗುಲಾಬಿ. ನಮ್ ಅಡ್ಗಿ ಕೋಣಿಯಗೆ ಒಳ್ಳೇದ್ ಬಂದ್ ಕೂತಿತ್ತ್. ಎಂತ ಮಾಡುದ್?”

ಚಂದಯ್ಯನ ಪುಸ್ತಕದಲ್ಲಿ ನೀರೊಳ್ಳೆ ಅಂತ ಒಂದು ಹಾವಿತ್ತು. ವಿಷ ಇಲ್ಲ, ಗದ್ದೆಯ ಕಪ್ಪೆ ತಿಂದುಕೊಂಡು ಇರುತ್ತದೆ. ಅದನ್ನೇ ಹೇಳುತ್ತಿದ್ದಾಳೆ ಎಂದುಕೊಂಡು ಅವನು ನಕ್ಕು ಹೇಳಿದ: “ಒಳ್ಳೆ ಎಂತದೂ ಮಾಡುದಿಲ್ಲ ಗುಲಾಬಕ್ಕ. ಬಾಲ ಹಿಡ್ದ್ ಎತ್ತಿ ಹೊರ್ಗ್ ಬಿಡಿ.”

ಆಚೆಯಿಂದ ಫೋನ್ ಇಟ್ಟ ಸದ್ದಾಯಿತು. ಕ್ಯಾಮೆರಾದ ಹಿಂದೆ ಪ್ರವೀಣ ಎರಡೂ ಕೈ ಬೀಸುತ್ತಿದ್ದ. ಹೊತ್ತಾಯಿತು ಎನ್ನುತ್ತಿದ್ದಾನೆ ಎಂದುಕೊಂಡು ಚಂದಯ್ಯ ಎಲ್ಲರಿಗೂ ಕೈ ಮುಗಿದ. ಕೊನೆಗೆ ಪ್ರವೀಣ ಕ್ಯಾಮೆರಾದ ಮುಂದೆಯೇ ಬಂದು ನಿಂತ.

“ಒಳ್ಳೇದ್ ಅಂದ್ರೆ ನೀರೊಳ್ಳೆ ಅಲ್ಲ ಮಾರಾಯ. ಸರ್ಪ. ಹಳಬ್ರ್ ಹೆಸ್ರ್ ಹೇಳುದಿಲ್ಲ, ಒಳ್ಳೇದ್ ಅಂತ್ರ್.”

ನಾಗರಹಾವಿನ ಹೆಸರೆತ್ತಲು ಹೆದರಿ ಅದನ್ನು ‘ಒಳ್ಳೇದು’ ಎನ್ನುವ ಮಾತನ್ನು ಹದಿಮೂರಕ್ಕೆ ಊರು ಬಿಟ್ಟವನು ಕೇಳಿರಲಿಲ್ಲವೋ, ಮರೆತಿದ್ದನೋ. “ಗುಲಾಬಕ್ಕ, ಮುಟ್ಬೇಡಿ” ಎಂದು ಕ್ಯಾಮೆರಾಕ್ಕೆ ಬಾಯಿ ಕೊಟ್ಟು ಕೂಗಿದ. ಅರ್ಧ ಕೂಗುವಾಗ ಕರೆಂಟು ಹೋಯಿತು. ಫೋನ್ ಮಾಡಿದರೆ ಎಂಗೇಜ್. ಯಾರ ಮನೆಗೆ ಎಲ್ಲಿಂದ ವಯರ್ ಎಳೆದಿದೆ ಎಂದು ಬಲ್ಲ ಪ್ರವೀಣ ಬೈಕ್ ಹೊರಡಿಸಿದ. ಹಿಂದೆ ಕೂತ ಚಂದಯ್ಯ ಹೈವೇ ಉದ್ದಕ್ಕೂ ಇದ್ದಬದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡ. ಆ ಹೆಂಗಸು ಹಾವಿನ ಬಾಲಕ್ಕೆ ಕೈ ಹಾಕುವುದು ಅವನ ಕಣ್ಣೆದುರು ಬರುತ್ತಲೇ ಇತ್ತು.

ಗುಲಾಬಕ್ಕ ಅಡುಗೆಮನೆಯ ಹೊಸ್ತಿಲಿನ ಈಚೆ ಮಣೆ ಹಾಕಿಕೊಂಡು ಬಸಳೆ ಸೊಪ್ಪು ಸೋಸುತ್ತಿದ್ದಳು. ಒಳಗೆ ಸೌದೆಯ ಪಕ್ಕ ಮಾರುದ್ದದ ಸರ್ಪ ಸುರುಳಿ ಸುತ್ತಿ ಮಲಗಿತ್ತು.

“ಅಕ್ಕ, ಮುಟ್ಟಿದ್ರ್ಯಾ?” ಚಂದಯ್ಯ ಓಡಿಬಂದು ಕೇಳಿದ.

“ನೀ ಬಾಲ ಹಿಡಿ ಅಂದ್ರೆ ನಾ ಹಿಡೂಕೆ ನಂಗ್ ಮರ್ಲಾ? ಕೈ ಮುಗ್ದ್, ನಿನ್ ದಾರಿ ಹಿಡ್ದ್ ಹೋಗ್ ಅಂದೆ. ನಿಧಾನ ಹೋತ್ತ್. ಅದ್ಕ್ ಅದ್ರದ್ದೇ ಹೊತ್ತ್ ಬೇಕಲ್ದಾ?”

ಹೋದ ಜೀವ ಬಂದಂತಾಗಿ ಚಂದಯ್ಯ ಅಲ್ಲಿಯೇ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಂಶಯ ಹುಟ್ಟಿತು.

“ಮತ್ತೆ ನಂಗ್ ಫೋನ್ ಮಾಡದ್ ಎಂತಕ್ಕೆ?”

“ಮನಿಯರ್ ಎಲ್ಲ ಮದಿಗ್ ಹೋಯಿರ್. ಒಬ್ಳಿಗೆ ಹೆದ್ರಿಕಿ ಆಯ್ತ್. ನಿನ್ ಮಾತ್ ಕೇಂಡ್ರೆ ನೆಗಿ ಬತ್ತ್. ಹಂಗಾಯಿ ಮಾಡ್ದೆ.”

“ನನ್ ಮಾತ್ ನಂಬುದಿಲ್ಯಾ ನೀವ್?”

“ಯಾರ್ ನಂಬ್ತ್ರ್ ಮಾರಾಯ? ಕೇಂಬುಕೆ ಲಾಯ್ಕ್ ಇತ್ತ್, ಕೇಂತ್ರ್.”

ಪ್ರವೀಣ ಮುಖ ಆಚೆ ತಿರುಗಿಸಿ ನಗು ನುಂಗಿದ. ಚಂದಯ್ಯನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಂಬದೆ ಇದ್ದದ್ದಕ್ಕೇ ಹೆಂಗಸು ಬದುಕಿದಳು, ಅದಕ್ಕೆ ಸಂತೋಷಪಡಬೇಕು. ಆದರೆ ಆರು ವರ್ಷ ಬಾಯಿ ನೋಯುವಷ್ಟು ಹೇಳಿದ್ದನ್ನು ಜನ ಚೆಂದಕ್ಕೆ ಕೇಳಿದ್ದರೇ ಹೊರತು ಯಾರೂ ನಂಬಿರಲಿಲ್ಲವಲ್ಲ, ಅದು ಎದೆಗೆ ನಾಟಿತು. ಮೂವರೂ ಕಾಯುತ್ತ ಕೂತರು. ಮುಕ್ಕಾಲು ಗಂಟೆಯ ಮೇಲೆ ಸರ್ಪ ಮೋರಿಯ ತೂತಿನಿಂದ ತೋಟಕ್ಕೆ ಇಳಿಯಿತು.

ಮುಂದಿನ ಭಾನುವಾರ ಅವನು ಊರಿನ ಎದುರು ತಪ್ಪು ಒಪ್ಪಿಕೊಳ್ಳುತ್ತೇನೆ ಎಂದ. ಪ್ರವೀಣ ಬೇಡ ಅಂದ: “ಸುಮ್ನಿರ್. ತಪ್ಪ್ ಅಂತ ನೀನೇ ಹೇಳ್ರೆ ಇನ್ ಯಾರ್ ಕಾಂತ್ರ್ ನಮ್ ಕಾರ್ಯಕ್ರಮ?” ಚಂದಯ್ಯ ಕೇಳಲಿಲ್ಲ. ಆವತ್ತು ಪ್ರಾಣಿಗಳ ಪಟ್ಟಿ ಒದರಲಿಲ್ಲ.

“ಹ್ವಾದ ವಾರ ನಾನ್ ಹೇಳದ್ ತಪ್ಪ್” ಎಂದ. “ಒಳ್ಳೇದ್ ಅಂದ್ರೆ ಎಂತ ಅಂತ ನಂಗ್ ಗೊತ್ತಿರ್ಲಿಲ್ಲ. ಗುಲಾಬಕ್ಕ ನನ್ ಮಾತ್ ಕೇಂಡಿದ್ರೆ ಇವತ್ತ್ ಇರ್ತಿರ್ಲಿಲ್ಲ. ನಂಗ್ ಗೊತ್ತಿಲ್ದಿದ್ದ್ ಇನ್ನೂ ಸುಮಾರ್ ಇತ್ತ್. ಗೊತ್ತಿದ್ದರ್ ಹೇಳಿ, ನಾನ್ ಕಲ್ತ್ಕಂತೆ.”

ಫೋನ್ ಸುಮ್ಮನಿತ್ತು. ಪ್ರವೀಣ ತಲೆ ಮೇಲೆ ಕೈ ಹೊತ್ತು ಕೂತ. ಎಲ್ಲ ಮುಗಿಯಿತು, ನಾಳೆಯಿಂದ ಮತ್ತೆ ಬೊಂಬಾಯಿ ಚಂದಯ್ಯ ಎಂದುಕೊಂಡು ಚಂದಯ್ಯ ಎದುರಿನ ಕಾಗದ ಮಡಚುತ್ತಿರುವಾಗ ಫೋನ್ ಬಡಿದುಕೊಂಡಿತು. ಉಪ್ಪುಂದದ ಗುಲಾಬಕ್ಕ.

“ಕೇಂಡೆ ಮಾರಾಯ” ಎಂದಳು. “ಗೊತ್ತಿಲ್ಲ ಅಂದ್ಯಲ. ಇನ್ ನೀ ಹೇಳದ್ ನಂಬ್ಲಕ್ಕ್.”