ಭೀಮಬಾಯಿ ಕೆಡದಂತೆ ಇಟ್ಟಿದ್ದು

ಶಹಾಬಾದಿನ ಕಾಲೇಜಿನಲ್ಲಿ ಭೀಮಬಾಯಿಯ ಕೈಯಲ್ಲಿ ಒಂದು ಹಾವೂ ಕೆಟ್ಟಿರಲಿಲ್ಲ. ಪ್ರಾಣಿಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಆಗಿದ್ದ ಗಂಡ ಅಂಬರಾಯ ೧೯೯೧ರಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಅನುಕಂಪದ ಆಧಾರದಲ್ಲಿ ಅವಳಿಗೆ ಬಂದಿತ್ತು. ಮೊದಲ ವರ್ಷ ಬಾಟಲಿಗಳನ್ನು ಒರೆಸುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆಮೇಲೆ ಕಪ್ಪೆ, ಚೇಳು, ನಾಗರಹಾವು ಎಲ್ಲವೂ ಮನೆಯವರಂತಾದವು. ಸತ್ತ ಪ್ರಾಣಿ ಕೆಡದಂತೆ ಇಡುವ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಎಂದು ಪುಸ್ತಕ ಹೇಳಿದರೆ ಅವಳು ಐದೇ ಪಾಲು ನೀರು ಬೆರೆಸುತ್ತಿದ್ದಳು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಕಪಾಟಿನ ಮುಂದೆ ನಿಂತು, "ನಿನ್ನೆ ಹಿಡಿದು ತಂದಂಗ ಅದ" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಅವಳಿಗೆ ಸಿಗುತ್ತಿದ್ದ ಹೊಗಳಿಕೆ ಅದೊಂದೇ.

ಮಕ್ಕಳಿರಲಿಲ್ಲ. ಫರಸಿ ಕಲ್ಲು ಹಾಸಿದ ಮಾಳಿಗೆಯ ಎರಡು ಕೋಣೆ. ಎಷ್ಟೋ ಭಾನುವಾರ ಯಾರೊಡನೆಯೂ ಒಂದು ಮಾತಾಡದೆಯೇ ಸಂಜೆಯಾಗಿಬಿಡುತ್ತಿತ್ತು.

೨೦೦೩ರ ಯುಗಾದಿ ಕಳೆದ ವಾರ ಅವಳು ಗುಲಬರ್ಗಾಕ್ಕೆ ಹೋಗಿ ಕುತ್ತಿಗೆಯ ಗಂಟೊಂದನ್ನು ತೆಗೆಸಿಕೊಂಡು ಬಂದಳು. ನೋವಿಲ್ಲದ ಗಂಟು, ಅದರ ಕೆಳಗೆ ಇನ್ನೂ ಮೂರಿದ್ದವು. ಡಾಕ್ಟರು ತೆಗೆದ ಗಂಟನ್ನು ಪುಟ್ಟ ಬಾಟಲಿಯಲ್ಲಿ ಹಾಕಿ, ಚೀಟಿ ಬರೆದು, ಎರಡು ದಿನದೊಳಗೆ ಹೈದರಾಬಾದಿನ ಲ್ಯಾಬಿಗೆ ಮುಟ್ಟಿಸಿ ಎಂದರು. ಆಗೆಲ್ಲ ಹಾಗೇ. ರೋಗಿಯ ಅಣ್ಣನೋ ಮಗನೋ ಬಾಟಲಿ ಹಿಡಿದು ರೈಲು ಹತ್ತುತ್ತಿದ್ದರು. ಭೀಮಬಾಯಿ ಅದನ್ನು ಸೆರಗಿನೊಳಗೆ ಹಿಡಿದುಕೊಂಡು ಊರಿಗೆ ಬಂದಳು.

ಮರುದಿನದಿಂದ ಪ್ರಾಯೋಗಿಕ ಪರೀಕ್ಷೆಗಳಿದ್ದವು. ತಾನು ಹೋದರೆ ಕಪ್ಪೆಗಳನ್ನು ಯಾರು ಸಿದ್ಧ ಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಬಾಟಲಿ ತನ್ನ ಕಪಾಟಿನಲ್ಲಿರುವ ತನಕ ಇದು ಇಂಥ ರೋಗ ಎಂದು ಯಾರೂ ಹೇಳುವಂತಿಲ್ಲ ಎಂಬುದೂ ಒಳಗೆಲ್ಲೋ ಇತ್ತು. ಆದರೆ ಅದು ಕೆಡಬಾರದು. ಡಾಕ್ಟರು ಹಾಕಿದ್ದ ದ್ರವ ಅವಳ ಕಣ್ಣಿಗೆ ತೀರ ತೆಳುವಾಗಿ ಕಂಡಿತು. ಅದನ್ನು ಚೆಲ್ಲಿ ತನ್ನ ಗಟ್ಟಿ ಫಾರ್ಮಲಿನ್ ತುಂಬಿ, ಪ್ರಯೋಗಾಲಯದ ಕಪಾಟಿನ ಹಿಂದಿನ ಸಾಲಿನಲ್ಲಿ ಜಂತುಹುಳುಗಳ ಪಕ್ಕಕ್ಕೆ ಇಟ್ಟಳು. ಐದು ವಾರ ದಿನಾ ಬೆಳಿಗ್ಗೆ ಅದನ್ನೂ ಒರೆಸಿದಳು. ಪರೀಕ್ಷೆ ಮುಗಿದ ಮೇಲೆ ಹೈದರಾಬಾದಿಗೆ ಹೋಗಿ ಕೊಟ್ಟುಬಂದಳು.

ರಿಪೋರ್ಟು ಬಂದಾಗ ಕಾಲೇಜು ಮತ್ತೆ ತೆರೆದಿತ್ತು. ಎರಡು ಹಾಳೆ, ಪೂರಾ ಇಂಗ್ಲಿಷು. ಸೇಡಂನಿಂದ ದಿನಾ ರೈಲಿಗೆ ಬರುತ್ತಿದ್ದ ಉಪನ್ಯಾಸಕಿ ಪ್ರಮಿತಾ ಮೇಡಂಗೆ ಅದನ್ನು ಕೊಟ್ಟು, "ಜರಾ ಓದ್ರಿ ಮೇಡಂ, ನಮ್ಮವರೊಬ್ಬರದು" ಎಂದಳು. ಭೀಮಬಾಯಿಯ ಹೆಸರು ಹಾಳೆಯ ಮೇಲೆಯೇ ಇತ್ತು. ಪ್ರಮಿತಾ ಎರಡನೆಯ ಹಾಳೆ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಕುಂದ್ರಿ ಭೀಮಬಾಯಿ."

"ನಿಂತೇ ಕೇಳ್ತೀನ್ರಿ."

ಪ್ರಮಿತಾ ಎದ್ದು ಕಪಾಟಿನಿಂದ ಮೈಟೋಕಾಂಡ್ರಿಯದ ಮಾದರಿಯನ್ನು ತಂದಳು. ಉದ್ದಕ್ಕೆ ಸೀಳಿದ ಗೆಣಸಿನಂಥ ಆ ಥರ್ಮಕೋಲ್ ತುಂಡನ್ನು ಭೀಮಬಾಯಿ ಹನ್ನೆರಡು ವರ್ಷದಿಂದ ಒರೆಸುತ್ತಿದ್ದಳು. ಅದು ಏನೆಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಇದು ನಮ್ಮ ಜೀವಕೋಶಕ್ಕ ಶಕ್ತಿ ಕೊಡ್ತದ. ಕೋಶದ ದಿನ ತುಂಬಿತು ಅಂದ್ರ, ಇನ್ನ ಸಾಯಿ ಅಂತ ಸುದ್ದಿ ಬಿಡೋದೂ ಇದೇ. ಇದರ ಮ್ಯಾಲ ಒಂದು ಪ್ರೋಟೀನ್ ಕುಂತು ಆ ಸುದ್ದಿ ಹೊರಗ ಬರಧಂಗ ತಡೀತದ. ಬಿಸಿಎಲ್-ಟೂ ಅಂತಾರ. ನಿಮ್ಮ ಗಂಟಿನ್ಯಾಗ ಕೋಶಗಳ ದುಂಡು ದುಂಡು ಗುಂಪು ಕಂಡಾವಂತ. ಬರೇ ಬಾವು ಇದ್ದರೂ ಹಂಗೇ ಕಾಣ್ತಾವ, ಕ್ಯಾನ್ಸರ್ ಇದ್ದರೂ ಹಂಗೇ. ಆ ಗುಂಪಿನೊಳಗ ಈ ಪ್ರೋಟೀನ್ ಇಲ್ಲಂದ್ರ ಬರೇ ಬಾವು."

"ಇತ್ತಂದ್ರ?"

"ಸಾಯಬೇಕಾದ ಕೋಶ ಸಾಯಂಗಿಲ್ಲ. ಹಂಗೇ ಕೂಡಿಕೊಂತ ಹೋಗ್ತಾವ."

"ಅದನೋ ಇಲ್ಲೋ ನಂದ್ರಾಗ?"

"ಗೊತ್ತಾಗಿಲ್ರಿ. ಬಣ್ಣ ಹಾಕಿ ನೋಡ್ತಾರ, ಬಣ್ಣ ಹಿಡಿದಿಲ್ಲ. ಫಾರ್ಮಲಿನ್‌ನ್ಯಾಗ ಭಾಳ ದಿನ ಇತ್ತು ಅಂತ ಬರದಾರ." ಪ್ರಮಿತಾ ಅವಳ ಮುಖ ನೋಡಿದಳು. "ಏನು ಮಾಡಿದ್ರಿ ಭೀಮಬಾಯಿ?"

"ಕೆಡಬಾರದು ಅಂತ ಇಟ್ಟಿದ್ದೆರಿ."

ಗಂಟಿನ ಆಕಾರ ಕೆಟ್ಟಿರಲಿಲ್ಲ. ಆದರೆ ಒಳಗಿನ ಪ್ರೋಟೀನುಗಳು ಒಂದಕ್ಕೊಂದು ಬಿಗಿದುಕೊಂಡು, ನೋಡಬೇಕಾದದ್ದೇ ಮರೆಯಾಗಿತ್ತು. ಭೀಮಬಾಯಿ ಮಾದರಿಯನ್ನು ತೆಗೆದುಕೊಂಡು ಹೋಗಿ ಅದರ ಜಾಗದಲ್ಲಿಟ್ಟಳು. ಇನ್ನೊಂದು ಗಂಟು ತೆಗೆಸಬೇಕು, ತಾನೂ ಜೊತೆಗೆ ಬರುತ್ತೇನೆ ಎಂದು ಪ್ರಮಿತಾ ಎರಡು ಸಲ ಹೇಳಿದಳು. "ನಿಮಗ ಕ್ಲಾಸ್ ಅದಾವಲ್ರಿ" ಎಂದೇ ಭೀಮಬಾಯಿ ಎರಡು ಸಲವೂ ಹೇಳಿದಳು.

ಗುಲಬರ್ಗಾದಲ್ಲಿ ಇನ್ನೊಂದು ಗಂಟು ತೆಗೆದರು. ಕಂಪೌಂಡರ್ ಖಂಡೆಪ್ಪ ಬಾಟಲಿ ಕೈಗಿಡುತ್ತ, "ಈ ಸಲ ಉಪ್ಪಿನಕಾಯಿ ಹಾಕಬ್ಯಾಡಕ್ಕ, ನಾಳೆ ಮುಟ್ಟಬೇಕು" ಎಂದ. ಅವಳಿಗೂ ನಗು ಬಂತು. ಮುಟ್ಟಿಸಿದಳು. ಹತ್ತು ದಿನದ ನಂತರ ಫಲಿತಾಂಶ ಕೇಳಲು ಮತ್ತೆ ಹೈದರಾಬಾದಿಗೆ ಒಬ್ಬಳೇ ಹೋದಳು.

ಜೊತೆಗೆ ಯಾರು ಬಂದಿದ್ದಾರೆ ಎಂದು ಅಲ್ಲಿನ ಡಾಕ್ಟರು ಹಿಂದಿಯಲ್ಲಿ ಕೇಳಿದರು. ಯಾರೂ ಇಲ್ಲ ಎಂದಳು. ಅವರು ಒಂದು ಗಳಿಗೆ ಬಾಗಿಲ ಕಡೆ ನೋಡಿ, ಆಮೇಲೆ ಅವಳಿಗೇ ಹೇಳಿದರು. ಬಣ್ಣ ಹಿಡಿದಿದೆ. ಆ ಪ್ರೋಟೀನ್ ಇದೆ. ಕ್ಯಾನ್ಸರೇ, ಆದರೆ ಬಹಳ ನಿಧಾನದ ಜಾತಿಯದು. ಈಗಲೇ ಔಷಧ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ವರ್ಷಗಟ್ಟಲೆ ಹಾಗೇ ಇರಬಹುದು.

ತಿರುಗಿ ಬರುವ ಪ್ಯಾಸೆಂಜರಿನಲ್ಲಿ ಎದುರು ಸೀಟಿನಲ್ಲಿ ಜೈತುನ್ಬೀ ಎಂಬ ಹೆಂಗಸು ಕೂತಿದ್ದಳು. ಮಗಳ ಮನೆಯಿಂದ ಸೇಡಂಗೆ ಹೊರಟವಳು. ಸರಿದು ಕೂತು, ರೊಟ್ಟಿಯ ಬುತ್ತಿ ಬಿಚ್ಚಿ, ಒಂದನ್ನು ಭೀಮಬಾಯಿಯ ಕೈಗಿಟ್ಟು, "ದವಾಖಾನಿಗಿ ಹೋಗಿದ್ರೇನು? ಮಾರಿ ನೋಡಿದ್ರ ಗೊತ್ತಾಗ್ತದ" ಎಂದಳು.

ಭೀಮಬಾಯಿ ಹೇಳಿದಳು. ಗಂಟು, ಗೆಣಸಿನಂಥ ಮೈಟೋಕಾಂಡ್ರಿಯ, ಅದರ ಮೇಲೆ ಕೂತ ಪ್ರೋಟೀನು, ಎಲ್ಲವನ್ನೂ. ಯಾರಿಗೂ ಹೇಳದ್ದು ತಾಂಡೂರು ಬರುವಷ್ಟರಲ್ಲಿ ಹೇಳಿ ಮುಗಿದಿತ್ತು.

"ಆ ಕೋಶಕ್ಕ ಸಾಯೂದೇ ಗೊತ್ತಿಲ್ಲಂದ್ರ ಛಲೋನೇ ಅಲ್ಲೇನ್ರಿ?"

"ಇಲ್ರಿ. ತಾನೂ ಹೋಗಂಗಿಲ್ಲ, ಮತ್ತೊಂದಕ್ಕ ಜಗಾನೂ ಬಿಡಂಗಿಲ್ಲ."

"ನಮ್ಮತ್ತಿ ಇದ್ದಂಗ ಅಂತ ಹೇಳ್ರಿ ಮತ್ತ. ತೊಂಬತ್ತಾದ್ರೂ ಒಲಿ ಮುಂದಿನ ಜಗಾ ಬಿಡವಲ್ಲಳು."

ಭೀಮಬಾಯಿ ನಕ್ಕಳು, ನಗುತ್ತಲೇ ಕಣ್ಣು ತುಂಬಿತು. ಸೇಡಂನಲ್ಲಿ ಜೈತುನ್ಬೀ ಇಳಿದು, ಬಟ್ಟೆಗಂಟನ್ನು ಬಗಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಬಂದಳು.

"ಊರಿಗಿ ಹೋಗಿ ಯಾರಿಗರ ಒಬ್ಬರಿಗಿ ಹೇಳ್ರಿ. ನಾ ಇಳಿದು ಹೋಗಾಕಿ."

ಚಿತ್ತಾಪುರದಲ್ಲಿ ಎದುರು ಸೀಟಿಗೆ ಯಾರೂ ಬರಲಿಲ್ಲ. ವಾಡಿಯಲ್ಲಿ ರೈಲು ಬದಲಿಸುವಾಗಲೂ ಭೀಮಬಾಯಿ ಒಬ್ಬೊಬ್ಬರನ್ನೇ ನೆನೆಯುತ್ತಿದ್ದಳು. ತಂಗಿ ಭಾಳ ಅಳುತ್ತಾಳೆ. ಭಾವನಿಗೆ ಹೇಳಿ ಫಲವಿಲ್ಲ. ಪ್ರಮಿತಾ ಮೇಡಂಗೆ ನಾಳೆ ಹೇಳಲೇಬೇಕು, ಆದರೆ ಅದು ಕಾಲೇಜಿನ ಮಾತು.

ಶಹಾಬಾದಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಪಕ್ಕದ ಮನೆಯ ಸೂಗಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಹನ್ನೆರಡು ವರ್ಷ ಇಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಹೆಪ್ಪಿಗೆ ಮಜ್ಜಿಗೆ ಕೇಳಿದ್ದು ಬಿಟ್ಟರೆ ಹೆಚ್ಚಿನ ಮಾತಿರಲಿಲ್ಲ. ಭೀಮಬಾಯಿ ತನ್ನ ಬಾಗಿಲಿಗೆ ಹೋಗಿ ಬೀಗದೊಳಗೆ ಕೀಲಿಕೈ ತೂರಿಸಿದಳು. ಅದನ್ನು ತಿರುವಲಿಲ್ಲ. ಹೊರಗೆ ತೆಗೆದು, ಸೆರಗಿನ ತುದಿಗೆ ಕಟ್ಟಿಕೊಂಡು, ಸೂಗಮ್ಮನ ಕಟ್ಟೆಗೆ ಬಂದಳು.

"ಏನ್ ಬೇಕಾಗಿತ್ತಕ್ಕ? ಮಜ್ಜಿಗೀನ?"

"ಏನಿಲ್ಲ. ಕುಂದ್ರಾಕ ಬಂದೀನಿ."

ಸೂಗಮ್ಮ ಅವಳನ್ನೊಮ್ಮೆ ನೋಡಿ, ಮೊರವನ್ನು ಈಚೆಗೆ ಎಳೆದುಕೊಂಡು ಜಾಗ ಮಾಡಿದಳು.