ಕ್ಲಾಸ್ ಟೀಚರ್ ಮುಖಾಂತರ

ಗಂಡನಿಗೆ ವಡೋದರಾಕ್ಕೆ ವರ್ಗವಾಗಿ ಎರಡು ವರ್ಷ ನಾನು ಫ್ಲ್ಯಾಟಿನ ಗೋಡೆಗಳ ಜೊತೆ ಮಾತಾಡಿಕೊಂಡಿದ್ದೆ. ಆಮೇಲೆ ಗೋರ್ವಾ ಬಡಾವಣೆಯ ಆಚೆಗಿನ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ವರ್ಷವರ್ಷಕ್ಕೆ ಕರಾರು, ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಮುಂದಿನ ವರ್ಷ ಉಂಟು. ಮತ್ತೆ ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ ಎಂಬುದು ನನಗೂ ಗೊತ್ತಿತ್ತು, ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಆ ವರ್ಷ ಒಂಬತ್ತನೇ ತರಗತಿಯವರಿಂದ ಅಣಕು ವಿಶ್ವಸಭೆ ಮಾಡಿಸುವ ಹೊಣೆ ನನ್ನ ತಲೆಗೆ ಬಂತು. ಒಂದೊಂದು ಮಗು ಒಂದೊಂದು ದೇಶ. ಮಾನವ ಹಕ್ಕುಗಳನ್ನು ಕಾಯಲು ಅಂತರರಾಷ್ಟ್ರೀಯ ಮಂಡಳಿಯೊಂದನ್ನು ಹೇಗೆ ಕಟ್ಟಬೇಕೆಂಬುದು ವಿಷಯ. ಅದೇ ಹೊತ್ತಿಗೆ ಶಾಲೆಯಲ್ಲೂ ವಿದ್ಯಾರ್ಥಿಗಳ ದೂರು ಸಮಿತಿ ಆಗಬೇಕಿತ್ತು. ಪ್ರಿನ್ಸಿಪಾಲರು ಪಾಲಕರ ಸಭೆಯಲ್ಲಿ ಉತ್ಸಾಹ ತಡೆಯಲಾರದೆ, ಮಕ್ಕಳು ಏನನ್ನು ಅಂಗೀಕರಿಸುತ್ತಾರೋ ಅದೇ ನಮ್ಮ ಸಮಿತಿಗೂ ನಿಯಮ ಎಂದುಬಿಟ್ಟರು. ಜೋರು ಚಪ್ಪಾಳೆ ಬಿತ್ತು. ಅಲ್ಲಿಂದಾಚೆ ಆಟ ಬರೀ ಆಟವಾಗಿ ಉಳಿಯಲಿಲ್ಲ.

ಒಂದು ಪುಟ್ಟ ದ್ವೀಪರಾಷ್ಟ್ರ ಗದಗ ಕಡೆಯ ಹುಡುಗಿಯೊಬ್ಬಳ ಪಾಲಿಗೆ ಬಂದಿತ್ತು. ಅವಳ ಅಪ್ಪ ಅದೇ ಊರಿನ ಅಲ್ಕಾಪುರಿಯ ಬ್ಯಾಂಕೊಂದರಲ್ಲಿದ್ದರು. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡ ಅರೆಬರೆ. ಶಾಲೆಯಲ್ಲಿ ನಾನು ಅವಳಿಗೆ ಮ್ಯಾಮ್. ಯಾರಿಗೂ ತಿಳಿಯಬಾರದ್ದನ್ನು ಹೇಳಬೇಕಾದಾಗ ಮಾತ್ರ ಆಂಟಿ, ಆಗ ಕನ್ನಡ. ಒಂದು ದಿನ ಲೈಬ್ರರಿಯ ಕಪಾಟುಗಳ ಸಂದಿಯಲ್ಲಿ ನಿಂತು ಆ ಕನ್ನಡದಲ್ಲೇ ಹೇಳಿದಳು: ಕ್ಲಾಸ್ ಟೀಚರ್ ದಿನವೂ ತನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ, ಉಳಿದವರಿಗೆ ನಗಲು ಹೇಳುತ್ತಾರೆ. ಬೋರ್ಡಿನ ಮೇಲೆ ಅವರು ಮಾಡಿದ ಲೆಕ್ಕದ ತಪ್ಪನ್ನು ಇವಳು ಒಮ್ಮೆ ತೋರಿಸಿದ್ದಳು, ಅಷ್ಟೇ ಅಪರಾಧ. ಮನೆಯಲ್ಲಿ ಬಾಯಿ ಬಿಟ್ಟರೆ ಶಾಲೆ ಬಿಡಿಸಿ ಅಜ್ಜಿಯ ಊರಿಗೆ ಕಳಿಸಿಯಾರು ಎಂಬ ಹೆದರಿಕೆ ಬೇರೆ. ಯಾರಿಗೂ ಹೇಳಬೇಡಿ ಎಂದಳು. ಹೇಳಲು ನನಗೂ ಧೈರ್ಯವಿರಲಿಲ್ಲ. ಅವಳ ಮಾತಿನ ಹಿಂದೆ ಅಡಗಿಕೊಂಡೆ.

ಹಾಗಾಗಿ ಅವಳ ದ್ವೀಪ ಸಭೆಯಲ್ಲಿ ಕೇಳಿದ್ದು ಒಂದೇ. ಯಾವ ಮನುಷ್ಯನೇ ಆಗಲಿ, ಯಾರ ಅಪ್ಪಣೆಯೂ ಇಲ್ಲದೆ ನೇರವಾಗಿ ಮಂಡಳಿಗೆ ದೂರು ಕೊಡಬಹುದು ಎಂಬ ಒಂದು ಸಾಲು. ದೊಡ್ಡ ದೇಶಗಳು ಹೌಹಾರಿದವು. ನಮ್ಮ ದೇಶದ ಒಳಗಿನ ವಿಷಯದಲ್ಲಿ ನೀವು ಯಾರು ಎಂಬ ಮಾತನ್ನು ಹದಿನಾಲ್ಕು ವರ್ಷದ ಮಕ್ಕಳು ಎಷ್ಟು ಸಲೀಸಾಗಿ ಆಡಿದರೆಂದರೆ ನನಗೆ ಮೈ ಉರಿಯಿತು. ಅವರನ್ನು ತಯಾರು ಮಾಡಿದ್ದು ಅದೇ ಕ್ಲಾಸ್ ಟೀಚರ್. ತೀರ್ಪುಗಾರರಾಗಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಕಡಲೆಬೀಜ ತಿನ್ನುತ್ತಿದ್ದರು. ಇನ್ನೊಂದು ಪಕ್ಕದಲ್ಲಿ ಪ್ರಿನ್ಸಿಪಾಲರು. ಎದ್ದುಹೋಗಲು ಜಾಗವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಭೆ ಕಗ್ಗಂಟಾಯಿತು. ಪ್ರಿನ್ಸಿಪಾಲರು ಚೀಟಿ ಸರಿಸಿದರು. ಮತಕ್ಕೆ ಹಾಕಬೇಡಿ, ಮುಖ್ಯ ಅತಿಥಿಗಳು ಬರುವುದರೊಳಗೆ ಸರ್ವಾನುಮತ ಆಗಲಿ, ಅಂತ. ಚಹಾ ವಿರಾಮ ಘೋಷಿಸಿ ನಾನು ಆ ದೇಶದಿಂದ ಈ ದೇಶಕ್ಕೆ ಓಡಾಡಿದೆ. ಒಪ್ಪಂದದ ಕರಡನ್ನು ನಾನೇ ಬರೆದೆ. ಯಾರು ಬೇಕಾದರೂ ದೂರು ಕೊಡಬಹುದು, ಆದರೆ ಮೊದಲು ತಮ್ಮ ಸರ್ಕಾರದ ಮುಖಾಂತರ. ಅಲ್ಲಿ ಬಗೆಹರಿಯದಿದ್ದರೆ ಮಾತ್ರ ಮಂಡಳಿ ಕೈಗೆತ್ತಿಕೊಳ್ಳಬಹುದು. ಎರಡು ಕಡೆಯವರ ಮಾನವೂ ಉಳಿಯಿತಲ್ಲ ಎಂದು ಒಳಗೊಳಗೇ ಬೀಗಿದ್ದೂ ನಿಜ, ಈಗ ಹೇಳಲು ನಾಚಿಕೆಯಾಗುತ್ತದೆ.

ದ್ವೀಪ ಮಾತ್ರ ಹಟ ಹಿಡಿದು ಕೂತಿತ್ತು. ಅವಳನ್ನು ವೇದಿಕೆಯ ಪರದೆಯ ಹಿಂದೆ ಕರೆದೊಯ್ದೆ.

"ಆಂಟಿ, ಸರ್ಕಾರನ ತ್ರಾಸ ಕೊಡ್ತಿದ್ರ ಹ್ಯಾಂಗ?" ಎಂದು ಕೇಳಿದಳು.

"ಬಾಗಲಾ ಪೂರಾ ಮುಚ್ಚೋದಕ್ಕಿಂತ ಸ್ವಲ್ಪ ತೆರದಿದ್ರ ಛಲೋ ಅಲ್ಲೇನವಾ? ಈಗ ಇಷ್ಟಕ್ಕ ಹೂಂ ಅನ್ನು, ಮುಂದ ನಾ ಅದೀನಿ," ಎಂದೆ. ಹೊರಗೆ ಅತಿಥಿಗಳಿಗೆ ಸ್ವಾಗತದ ಬ್ಯಾಂಡು ಶುರುವಾಗಿತ್ತು. ಅವಳು ಹೂಂ ಎಂದಳು.

ಸಭೆ ಸರ್ವಾನುಮತದಿಂದ ಮುಗಿಯಿತು. ಸರ್ಕಾರ ಎಂದಿದ್ದ ಕಡೆ ಕ್ಲಾಸ್ ಟೀಚರ್ ಎಂದು ತಿದ್ದಿ, ನಿಯಮಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಲಾಯಿತು. ಸಮಿತಿಯ ಕಾರ್ಯದರ್ಶಿ ನಾನೇ. ಕೊಟ್ಟ ಮಾತು ಚುಚ್ಚುತ್ತಿತ್ತು. ಕೆಲವು ವಾರಗಳ ನಂತರವೂ ಅವಳು ಗೋಡೆ ನೋಡುತ್ತಲೇ ನಿಲ್ಲುತ್ತಿರುವುದು ತಿಳಿದು, ನಿಯಮ ಇದೆಯಲ್ಲ, ಬರೆದು ಕೊಡು, ಉಳಿದದ್ದು ನನಗೆ ಬಿಡು ಎಂದು ನಾನೇ ಹುರಿದುಂಬಿಸಿದೆ.

ಎರಡೇ ದಿನದಲ್ಲಿ ಲಕೋಟೆ ಬಂತು, ಕ್ಲಾಸ್ ಟೀಚರ್ ಮುಖಾಂತರ. ಒಳಗೆ ಇಂಗ್ಲಿಷಿನಲ್ಲಿ ಅವಳ ಎಂಟು ಸಾಲು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ವಿಚಾರಿಸಿ ಬಗೆಹರಿಸಲಾಗಿದೆ, ವಿದ್ಯಾರ್ಥಿನಿಗೆ ಇನ್ನು ಯಾವ ದೂರೂ ಇಲ್ಲ ಎಂಬ ಷರಾ. ಅದಕ್ಕೂ ಕೆಳಗೆ ಅವಳದೇ ಸಹಿ. ಬಗೆಹರಿದ ದೂರನ್ನು ಸಮಿತಿ ಮುಟ್ಟುವಂತಿಲ್ಲ. ಹಾಗಂತ ಬರೆದವಳು ನಾನು.

ಕಾಗದ ಹಿಡಿದುಕೊಂಡೇ ಹೋಗಿ ನೀರಿನ ನಲ್ಲಿಗಳ ಹತ್ತಿರ ಅವಳನ್ನು ಹಿಡಿದೆ. ಯಾಕೆ ಸಹಿ ಮಾಡಿದೆ ಎಂದು ಕೇಳಿದೆ. ಅವಳು ಬಾಟಲಿ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ನನ್ನ ಮುಖ ನೋಡಿದಳು.

"ನೀವ ನನ್ನ ಒಪ್ಪಿಸಿದ್ರಲ್ಲಾ, ಆಂಟಿ."

ಹೂಂ ಎನ್ನಿಸಿದಿರಿ ಎಂದಳೋ, ಅವರ ಕೈಗೆ ಕೊಟ್ಟುಬಿಟ್ಟಿರಿ ಎಂದಳೋ. ಅರೆಬರೆ ಕನ್ನಡದ ಹುಡುಗಿ, ಎರಡಕ್ಕೂ ಅವಳಿಗೆ ಸಿಕ್ಕಿದ್ದು ಅದೊಂದೇ ಮಾತು. ಯಾವುದು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಗಂಟೆ ಹೊಡೆಯಿತು, ಅವಳು ಕ್ಲಾಸಿಗೆ ಹೋದಳು. ನಾನು ಸ್ಟಾಫ್ ರೂಮಿಗೆ ಬಂದು ಆ ಕಾಗದದ ಕೆಳಗೆ ಕಾರ್ಯದರ್ಶಿಯ ಸಹಿ ಹಾಕಿದೆ.