ಬೆಲ್ಲದ ಸಾವ್ಕಾರರ ತಲೆ

ನಮ್ಮೂರ ಬಸ್ಸು ರಿಪೇರಿಯ ಮಿಸ್ತ್ರಿ ಇನ್ನೂ ಹಾಡಲು ಬಾಯಿ ತೆರೆದಿರಲಿಲ್ಲ. ಗಂಟಲು ಸರಿಮಾಡಿಕೊಳ್ಳಲು ಒಮ್ಮೆ ಕೆಮ್ಮಿದ್ದರು, ಅಷ್ಟೇ. ಆ ಕೆಮ್ಮಿಗೆ ಹಳಿಯಾಳದ ಪೇಟೆಯಲ್ಲಿ ಕೂತಿದ್ದ ಅಷ್ಟೂ ಜನ ಒಂದೇ ದನಿಯಲ್ಲಿ ‘ಭಲೇ’ ಎಂದರು. ಹಾಗೆ ಅನ್ನಿಸಿದ ದಡ್ಡ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಊರಿನವರು ಯಾರಾದರೂ ಸಿಕ್ಕರೆ ನಿಮಗೆ ಹೇಳದೆ ಬಿಡುವವರಲ್ಲ, ಹೇಳುವಾಗ ನನ್ನ ತಲೆಗೆ ಇನ್ನೆರಡು ಸುತ್ತು ರುಮಾಲು ಹೆಚ್ಚಿಗೆ ಸುತ್ತುತ್ತಾರೆ.

ಆಗ ಎರಡನೆಯ ದೊಡ್ಡ ಲಡಾಯಿ ನಡೆದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಹಾಗಾಗಿ ನಮ್ಮೂರ ಗಾಯನವೆಲ್ಲ ಸೂರ್ಯ ಇರುವಾಗಲೇ. ಸಂತೆಯ ಮರುದಿನ ಬಿಸಿಲು ಇಳಿಯುತ್ತಲೇ ಪೇಟೆಯ ನಡುವಿನ ಜವಳಿ ಅಂಗಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸುತ್ತಿದ್ದರು. ಟಿಕೀಟು ಇಲ್ಲ, ಬಾಗಿಲು ಇಲ್ಲ, ಛಾವಣಿಯೂ ಇಲ್ಲ. ಬಂದವರು ತಮ್ಮ ತಮ್ಮ ಗೋಣಿಚೀಲ ಹಾಸಿಕೊಂಡು ರಸ್ತೆಯಲ್ಲೇ ಕೂಡಬೇಕು. ಸಂತೆಗೆ ಬುಟ್ಟಿ ಮಾರಲು ಬಂದು ಉಳಿದ ಜೋಯಿಡಾ ಕಡೆಯ ಕೊಂಕಣಿ ಹೆಂಗಸರು, ದಾಂಡೇಲಿಯಿಂದ ಕಟ್ಟಿಗೆ ಹೇರಿಕೊಂಡು ಬಂದ ಬಂಡಿಯವರು, ಹಮಾಲರು, ಕಿರಾಣಿ ವ್ಯಾಪಾರಿಗಳು, ಎಲ್ಲರೂ ಅಲ್ಲೇ. ಬಂಡಿಯ ಎತ್ತುಗಳೂ ಕೇಳುತ್ತಿದ್ದವು. ಕೊರಳ ಗಂಟೆ ಅಲ್ಲಾಡಿಸುವುದರಲ್ಲಿ ಅವುಗಳಲ್ಲಿ ಕೆಲವು ನನಗಿಂತ ಚೆನ್ನಾಗಿ ತಾಳ ತಿಳಿದಿದ್ದವು.

ನಾನು ಆ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವವನು. ಅಳೆಯುವುದಕ್ಕಿಂತ ಅಣಕಿಸುವುದೇ ಹೆಚ್ಚು ಎಂದು ನಮ್ಮ ಮಾಲಕರು ಹೇಳುತ್ತಿದ್ದರು. ಅವರು ಹಾಗೆ ಹೇಳುವಾಗ ಮೂಗಿನಿಂದ ಮಾತು ಹೊರಡುತ್ತಿತ್ತು, ನಾನು ಅದನ್ನೂ ಕಲಿತಿದ್ದೆ. ನಾನು ನಡೆದರೆ ಒಂದು ಭುಜ ಮುಂದೆ, ಒಂದು ಭುಜ ಹಿಂದೆ, ಬಂಡಿಗೆ ಒಂದೇ ಎತ್ತು ಕಟ್ಟಿದ ಹಾಗೆ. ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿ ತೋರಿಸುತ್ತಿದ್ದೆ.

ಆದರೆ ನನ್ನ ಅಣಕಗಳಲ್ಲೆಲ್ಲ ಊರು ಮೆಚ್ಚಿದ್ದು ಬೆಲ್ಲದ ಸಾವ್ಕಾರರ ತಲೆ.

ಸಾವ್ಕಾರರು ಬೆಲ್ಲದ ವ್ಯಾಪಾರಿಗಳು, ಹಣೆಯ ತುಂಬ ವಿಭೂತಿ, ತಲೆಗೆ ದೊಡ್ಡ ರುಮಾಲು. ಗಾಯನದ ದಿನ ತಬಲಾದ ಎದುರಿಗೆ, ಮೊದಲ ಸಾಲಿನ ನಡುವೆ ಮಡಿಸಿದ ಕಂಬಳಿಯ ಮೇಲೆ ಕೂಡುವವರು ಅವರು. ಆ ಜಾಗದಲ್ಲಿ ಬೇರೆಯವರು ಕೂತದ್ದಿಲ್ಲ. ಹಾಡು ಸುತ್ತಿ ಸುತ್ತಿ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ ಬರುವಾಗ ಅವರ ಕಣ್ಣು ಅರ್ಧ ಮುಚ್ಚುತ್ತಿತ್ತು. ಎಡಗಲ್ಲ ಉಬ್ಬುತ್ತಿತ್ತು, ಒಳಗೆ ಅಡಿಕೆ. ಗದ್ದ ನಿಧಾನವಾಗಿ ಏರಿ, ತಲೆ ಒಮ್ಮೆ ಬಲಕ್ಕೆ ಉರುಳಿ, ಅಂಗೈ ತೊಡೆಯ ಮೇಲೆ ‘ಧಪ್’ ಎಂದು ಬೀಳುತ್ತಿತ್ತು. ಹಿಂದೆ ಕೂತ ಊರು ಆ ‘ಧಪ್’ಗೇ ಕಾದಿದ್ದು ‘ಭಲೇ’ ಎನ್ನುತ್ತಿತ್ತು. ಮುಂಚೆ ಅಂದರೆ ತಿಳಿಗೇಡಿ, ತಡವಾಗಿ ಅಂದರೆ ಕಿವುಡ. ಅದಕ್ಕೆ ಎಲ್ಲರ ಕಣ್ಣೂ ಹಾಡುಗಾರರ ಮೇಲಲ್ಲ, ಸಾವ್ಕಾರರ ರುಮಾಲಿನ ಮೇಲೆ.

ಇನ್ನೊಂದು ಪದ್ಧತಿಯಿತ್ತು. ಗಾಯನ ಮುಗಿದ ಮೇಲೆ ಹಾಡುಗಾರರಿಗೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಸಾವ್ಕಾರರು ಎದ್ದು ಆ ವೀಳ್ಯವನ್ನು ತಮ್ಮ ಕೈಯಿಂದ ಕೊಟ್ಟರೆ ಅವರನ್ನು ಮತ್ತೆ ಕರೆಯುತ್ತಾರೆ. ಕೂತಲ್ಲೇ ಕೂತು ಆಳಿನ ಕೈಯಲ್ಲಿ ಕಳಿಸಿದರೆ ಆಯಿತು, ಆ ಹಾಡುಗಾರರಿಗೆ ಹಳಿಯಾಳದ ಕಟ್ಟೆ ಮುಗಿಯಿತು. ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.

ಈ ವೀಳ್ಯಕ್ಕಾಗಿ ಆಸೆಪಟ್ಟವರು ನಮ್ಮ ಬಸ್ಸಿನ ಮಿಸ್ತ್ರಿ. ಪೆಟ್ರೋಲು ಇಲ್ಲದ್ದರಿಂದ ಆಗ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ದೊಡ್ಡ ಮಾತು. ಹಿಂದೆ ಕಟ್ಟಿದ ದೊಡ್ಡ ಡಬ್ಬಿಗೆ ಇದ್ದಿಲು ಸುರಿದು, ಪಂಖಾ ತಿರುವಿ ತಿರುವಿ ಬೆಂಕಿ ಎಬ್ಬಿಸಿದ ಮೇಲೆ ಬಸ್ಸು ಮನಸ್ಸು ಮಾಡಿದರೆ ಹೊರಡುತ್ತಿತ್ತು. ಮಿಸ್ತ್ರಿ ಹಗಲೆಲ್ಲ ಅದರ ಕೆಳಗೆ ಮಲಗಿರುವವರು. ಅವರನ್ನು ನೋಡಲು ಹೋದರೆ ಮೊದಲು ಕಾಣುವುದು ಕಾಲು, ಆಮೇಲೆ ಕೇಳುವುದು ಹಾಡು.

ಅವರ ಹೆಸರನ್ನು ಗಾಯನಕ್ಕೆ ಗೊತ್ತುಮಾಡಿದ ದಿನ ನಾನು ಬಸ್ಸಿನ ಶೆಡ್ಡಿಗೆ ಹೋಗಿದ್ದೆ. ಕಾಲುಗಳು ಕೇಳಿದವು:

“ಬೇಟಾ, ಸಾವ್ಕಾರ್ರು ನಂಗ ವೀಳ್ಯ ಕೈಯಿಂದ ಕೊಡ್ತಾರೋ, ಆಳಿನ ಕೈಯಾಗ ಕಳಸ್ತಾರೋ?”

“ಮೊದ್ಲ ಕೈ ತೊಳಕೋರಿ ಚಾಚಾ. ಆ ಕೈಗೆ ವೀಳ್ಯ ಕೊಡೂಕಿಂತ ಮೊದ್ಲು ಸಾಬಾಣ ಕೊಡಬೇಕಾಗ್ತೈತಿ.”

ಕೆಳಗಿನಿಂದ ನಗು ಬಂತು. ಆಮೇಲೆ ಮಿಸ್ತ್ರಿ ಜಾರಿಕೊಂಡು ಹೊರಗೆ ಬಂದು, ನಟ್ಟು ತಿರುವುವ ಪಾನಾ ಕೈಯಲ್ಲಿ ಹಿಡಿದೇ ಕೂತರು.

“ಹುಬ್ಬಳ್ಳ್ಯಾಗ ಉಸ್ತಾದರ ಮನಿ ಮುಂದ ಹಗಲು ಮೋಟಾರ ರಿಪೇರಿ ಮಾಡೂದು, ಸಂಜೀಗೆ ಅವರ ಕಡೆ ಸ್ವರಾ ಕಲಿಯೂದು. ಹಂಗ ಕಲ್ತದ್ದು ಇದು. ಈ ಊರಾಗ ಮಂದಿ ನಂದು ಹಾಡು ಬಸ್ಸಿನ ಕೆಳಗಿಂದ ಕೇಳ್ಯಾರ. ಬಸ್ಸು ಸುರು ಆತಂದ್ರ ನಂದು ಹಾಡು ಬಂದ್. ಒಂದಽ ಒಂದು ಸಲ ಕೂಡ ಪೂರಾ ಹಾಡಿಲ್ಲ ಬೇಟಾ. ಕಟ್ಟಿ ಮ್ಯಾಲೆ ಕುಂತು ಒಂದು ಹಾಡು ಪೂರಾ ಹಾಡಬೇಕು. ಆಮ್ಯಾಗ ಇನ್ನೊಂದ್ಸಲ ಕರೀಬೇಕು.”

ಇಷ್ಟು ಗಂಭೀರವಾಗಿ ಹೇಳುವವರನ್ನು ಹೇಗೆ ಅಣಕಿಸುವುದು ಎಂದು ತಿಳಿಯದೆ ನಾನು ಸಾವ್ಕಾರರ ತಲೆಯನ್ನು ಮಾಡಿ ತೋರಿಸಿದೆ. ಅವರು ಪಾನಾವನ್ನು ಬಸ್ಸಿನ ತಗಡಿಗೆ ಬಡಿದು ನಕ್ಕರು.

ಗಾಯನದ ದಿನ ಬಂತು. ಮಿಸ್ತ್ರಿ ಬಸ್ಸನ್ನು ಕ್ಲೀನರ್‌ನ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಕಟ್ಟೆಯ ಮೇಲೆ ಬಂದು ಕೂತರು. ಅವರಿಗೆ ಮುಖವೂ ಇದೆ ಎಂದು ಅರ್ಧ ಊರಿಗೆ ಅಂದು ಗೊತ್ತಾಯಿತು. ಆದರೆ ಎದುರಿನ ಕಂಬಳಿ ಖಾಲಿ. ಸಾವ್ಕಾರರು ಸಂಬಂಧಿಕರ ಮನೆಗೆಂದು ಮುಂಡಗೋಡ ಕಡೆ ಚಿಗಳ್ಳಿಗೆ ಹೋಗಿದ್ದರು. ಮಧ್ಯಾಹ್ನದ ಬಸ್ಸಿಗೆ ಬರಬೇಕಾದವರು ಬಂದಿರಲಿಲ್ಲ. ಬಸ್ಸೇ ಬಂದಿರಲಿಲ್ಲ.

ಬಿಸಿಲು ಅಂಗಡಿಗಳ ಮಾಳಿಗೆ ಏರಿತು. ಮಾಲಕರು ಕಟ್ಟೆಯ ಮೇಲೆ ಅತ್ತಿತ್ತ ತಿರುಗಾಡತೊಡಗಿದರು. ಸಾವ್ಕಾರರಿಲ್ಲದೆ ಸುರುಮಾಡುವುದು ಹೇಗೆ? ಹಿಂದೊಮ್ಮೆ ಅವರಿಗೆ ನೆಗಡಿಯಾಗಿ ಬಾರದಿದ್ದಾಗ ಹೊರಗಿನಿಂದ ಬಂದ ಹಾಡುಗಾರರೊಬ್ಬರು ಹಾಡಿದ್ದರು. ಎಲ್ಲಿ ‘ಭಲೇ’ ಅನ್ನಬೇಕೆಂದು ತಿಳಿಯದೆ ಊರೆಲ್ಲ ಸತ್ತವರ ಮನೆಯಲ್ಲಿ ಕೂತಂತೆ ಕೂತಿತ್ತು. ಅವರು ಕಾಯಿಯನ್ನೂ ಮುಟ್ಟದೆ ಹೋಗಿದ್ದರು.

“ಹೊತ್ತು ಮುಳಗಿದ್ರ ಇವತ್ತಿಂದು ಮುಗೀತ್ರಿ,” ಎಂದ ತಬಲಾದವನು.

ಹಿಂದಿನಿಂದ ಒಬ್ಬ ಹಮಾಲ ಕೂಗಿದ: “ಸಾವ್ಕಾರ್ರ ತಲಿ ನಿಮ್ಮ ಅಂಗಡ್ಯಾಗಽ ಐತೆಲ್ರೀ. ಅದನ್ನ ಕುಂದರಸ್ರಿ.”

ಜನ ನಕ್ಕರು. ಮಾಲಕರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು.

“ಬರೋಬ್ಬರಿ ಮಾಡ್ತೀಯೇನೋ?”

“ಅವರಿಗಿಂತ ಬರೋಬ್ಬರಿ ಮಾಡ್ತೇನ್ರಿ.”

ಅಂಗಡಿಯೊಳಗಿಂದ ಬಟ್ಟೆಯ ಇಡೀ ಸುರುಳಿ, ಒಂದು ಥಾನು, ತಂದು ರುಮಾಲು ಸುತ್ತಿದರು, ಒಂದು ಶಾಲು ಹೊದಿಸಿದರು, ಬಾಯಿಗೆ ಅಡಿಕೆ ಹಾಕಿದರು. ನಾನು ಆ ಕಂಬಳಿಯ ಮೇಲೆ ಕೂತೆ. ಬೆನ್ನ ಹಿಂದೆ ಊರೆಲ್ಲ ಸದ್ದಡಗಿಸಿ ನನ್ನ ರುಮಾಲನ್ನೇ ನೋಡುತ್ತಿರುವುದು ಕುತ್ತಿಗೆಗೆ ತಿಳಿಯುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನಾನೂ ಯಾರೋ ದೊಡ್ಡವನು ಎಂದುಕೊಂಡೆ.

ಆಮೇಲೆ ನೆನಪಾಯಿತು, ನನಗೆ ತಲೆ ತೂಗುವುದು ಹೇಗೆಂದು ಗೊತ್ತು, ಯಾವಾಗ ಎಂಬುದು ಗೊತ್ತಿಲ್ಲ.

ಮಿಸ್ತ್ರಿ ಕೆಮ್ಮಿದರು. ನಾನು ಗಾಬರಿಯಲ್ಲಿ ಕಣ್ಣು ಅರ್ಧ ಮುಚ್ಚಿ, ತಲೆ ಉರುಳಿಸಿ, ತೊಡೆ ಬಡಿದೆ. ‘ಭಲೇ’ ಎಂದಿತು ಊರು. ತಬಲಾದವನು ಸಣ್ಣ ಸುತ್ತಿಗೆಯಿಂದ ತಬಲಾದ ಅಂಚಿಗೆ ಕುಟ್ಟಿ ಶ್ರುತಿ ಮಾಡಿದ. ಧಪ್. ‘ಭಲೇ.’ ಒಬ್ಬ ಹುಡುಗ ನೀರಿನ ತಂಬಿಗೆ ತಂದು ಇಟ್ಟ. ಅವನಿಗೂ ‘ಭಲೇ’ ಸಿಕ್ಕಿತು.

ಮಿಸ್ತ್ರಿ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದರು: “ಬೇಟಾ, ಅದು ಕೆಮ್ಮು. ಹಾಡು ಇನ್ನ ಮುಂದ ಐತಿ.”

ಅವರ ಹಣೆಯ ಮೇಲೆ ಬೆವರಿತ್ತು. ನಗುತ್ತಿದ್ದರು, ಆದರೆ ಬೆರಳುಗಳು ಶೇರವಾನಿಯ ಗುಂಡಿ ತಿರುವುತ್ತಿದ್ದವು. ನನ್ನ ಒಂದು ತಲೆಯಿಂದ ಅವರ ಒಂದು ಹಾಡು ಹಾಳಾಗಬಹುದು ಎಂದು ಆಗ ಹೊಳೆಯಿತು. ಹೊಳೆದ ಮೇಲೆ ಕುತ್ತಿಗೆ ಕಟ್ಟಿಗೆಯಾಯಿತು. ಅವರು ಆಲಾಪ ಸುರುಮಾಡಿದರು, ತಬಲಾ ಕೂಡಿಕೊಂಡಿತು, ಮೊದಲ ಸುತ್ತಿಗೆ ನಾನು ಅಲ್ಲಾಡಲೇ ಇಲ್ಲ. ಹಿಂದೆ ಊರೂ ಅಲ್ಲಾಡಲಿಲ್ಲ.

ಎರಡನೆಯ ಸುತ್ತಿನಲ್ಲಿ ಒಂದು ವಿಷಯ ಕಂಡೆ. ಸಮ್ ಹತ್ತಿರ ಬಂತೆಂದರೆ ತಬಲಾದವನ ಎರಡೂ ಹುಬ್ಬು ಮೇಲೇರುತ್ತಿದ್ದವು, ಸೀನು ಬಂದವನ ಹಾಗೆ. ಪೆಟ್ಟು ಬಿದ್ದ ಕೂಡಲೇ ಇಳಿಯುತ್ತಿದ್ದವು. ಆತ ತಬಲಾದ ಮೇಲೆ ಬಾಗಿ ಕೂಡುತ್ತಿದ್ದರಿಂದ ಆ ಹುಬ್ಬು ಬೇರೆ ಯಾರಿಗೂ ಕಾಣುವ ಹಾಗಿರಲಿಲ್ಲ. ಎದುರಿನ ಕಂಬಳಿಯ ಮೇಲೆ ಕೂತವನಿಗೆ ಮಾತ್ರ ಕಾಣುತ್ತಿತ್ತು. ಸಾವ್ಕಾರರು ಆ ಜಾಗವನ್ನು ಯಾರಿಗೂ ಬಿಟ್ಟುಕೊಡದಿದ್ದುದು ಏಕೆಂದು ಥಟ್ಟನೆ ತಿಳಿಯಿತು. ಊರು ಕೈಮುಗಿಯುತ್ತಿದ್ದ ಸಂಗೀತಜ್ಞಾನವೆಲ್ಲ ತಬಲಾದವನ ಹಣೆಯಲ್ಲಿತ್ತು.

ಅಲ್ಲಿಂದ ಮುಂದೆ ನನ್ನ ತಲೆ ತಪ್ಪಲಿಲ್ಲ. ಹುಬ್ಬು ಏರಿತು, ಗದ್ದ ಏರಿತು, ಧಪ್, ಭಲೇ. ಮಿಸ್ತ್ರಿಯ ಬೆರಳು ಗುಂಡಿಯನ್ನು ಬಿಟ್ಟಿತು. ಅವರು ಅಂದು ಏನು ಹಾಡಿದರು, ಹೇಗೆ ಹಾಡಿದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ಹುಬ್ಬು ನೋಡುವ ಗಡಿಬಿಡಿಯಲ್ಲಿ ನನಗೆ ಕಿವಿ ಇರಲಿಲ್ಲ.

ಒಮ್ಮೆ ತಲೆ ಬಲಕ್ಕೆ ಉರುಳಿಸಿದಾಗ ಹಿಂದಿನ ಸಾಲು ಕಣ್ಣಿಗೆ ಬಿತ್ತು. ಹಮಾಲರ ನಡುವೆ, ಬಂಡಿಯ ಗಾಲಿಗೆ ಒರಗಿ ಒಬ್ಬ ಮುದುಕರು ಕೂತಿದ್ದರು. ಮುಖ, ಕೈ, ರುಮಾಲು, ಅಂಗಿ ಎಲ್ಲ ಇದ್ದಿಲ ಮಸಿ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಮಸಿಯೊಳಗಿಂದ ಸ್ವಲ್ಪ ಇಣುಕುತ್ತಿದ್ದವು. ಆ ಗದ್ದ ನನಗೆ ಗೊತ್ತು. ಅಣಕಿಸಿ ಅಣಕಿಸಿ ನನ್ನ ಗದ್ದಕ್ಕಿಂತ ಚೆನ್ನಾಗಿ ಗೊತ್ತು.

ನನ್ನ ಕೈ ಗಾಳಿಯಲ್ಲೇ ನಿಂತಿತು. ಊರಿನ ‘ಭಲೇ’ ಗಂಟಲಲ್ಲೇ ನಿಂತಿತು. ಸಾವ್ಕಾರರು ಒಂದು ಕರಿ ಬೆರಳೆತ್ತಿ, ಮುಂದೆ ನೋಡು ಎಂದು ತೋರಿಸಿದರು. ಅವರ ತಲೆ ಅಲ್ಲಾಡುತ್ತಿರಲಿಲ್ಲ. ಬಾಯಿ ಮಾತ್ರ ಸ್ವಲ್ಪ ತೆರೆದಿತ್ತು, ಅಡಿಕೆ ಜಗಿಯುವುದನ್ನೂ ಮರೆತಿದ್ದರು.

ಹಾಡು ಪೂರಾ ಮುಗಿಯಿತು. ಯಾವ ಬಸ್ಸೂ ಸುರುವಾಗಲಿಲ್ಲ. ತಟ್ಟೆ ನನ್ನ ಮುಂದೆ ಬಂತು. ನಾನು ಹಿಂದೆ ನೋಡಿದೆ, ಸಾವ್ಕಾರರು ಕೂತೇ ಇದ್ದರು.

“ಕೊಡೋ,” ಎಂದರು ಮಾಲಕರು ಮೂಗಿನಲ್ಲಿ. “ಬೆಳಕು ಹೊಂಟತು.”

ಎದ್ದು ಕೊಟ್ಟೆ. ಮಿಸ್ತ್ರಿ ಎರಡೂ ಕೈಯಲ್ಲಿ ತೆಗೆದುಕೊಂಡು ಆ ಎಲೆಗಳನ್ನು ನೋಡಿದರು, ನನ್ನ ರುಮಾಲನ್ನು ನೋಡಿದರು.

“ನಾ ಕೈ ತೊಳಕೊಂಡಽ ಬಂದಿದ್ನಿ ಬೇಟಾ,” ಎಂದರು.

ನಗಿಸುವ ಮಾತೇ. ಆದರೆ ನಾನು ಬಾಯಲ್ಲಿದ್ದ ಸಾವ್ಕಾರರ ಅಡಿಕೆಯನ್ನು ಒಂದು ಗಲ್ಲದಿಂದ ಇನ್ನೊಂದಕ್ಕೆ ಸರಿಸಿದೆ.

ಆಗ ಜನರನ್ನು ಸರಿಸಿಕೊಂಡು ಸಾವ್ಕಾರರು ಮುಂದೆ ಬಂದರು. ಇದ್ದಿಲು ಮಾರುವವರು ಯಾರೋ ಎಂದು ಒಬ್ಬಿಬ್ಬರು ಗದರಿಸಿದರು. ಗುರುತು ಸಿಕ್ಕ ಮೇಲೆ ಎದ್ದು ನಿಂತರು. ನಾನು ರುಮಾಲು ಬಿಚ್ಚತೊಡಗಿದೆ. ಒಂದು ಥಾನು ಬಟ್ಟೆ ಬೇಗ ಮುಗಿಯುವುದಿಲ್ಲ.

“ಇದೇನ್ರೀ ಸಾವ್ಕಾರ್ರ, ಈ ಅವತಾರ?” ಎಂದರು ಮಾಲಕರು.

“ಊರ ಹೊರಗ ಬಸ್ಸು ನಿಂತತು. ಮಿಸ್ತ್ರಿನ್ನ ಕರೀರಿ ಅಂದ್ರ, ಹಾಡಾಕ ಹೋಗ್ಯಾರ ಅಂದ್ರು. ಎಲ್ಲಾರೂ ಪಾಳಿ ಹಚ್ಚಿ ಪಂಖಾ ತಿರುವಿದ್ವಿ. ಬೆಲ್ಲದ ಸಾವ್ಕಾರಂತ ನನ್ನನ್ನೇನು ಬಿಡಲಿಲ್ಲ. ಬಸ್ಸು ಏಳಲಿಲ್ಲ, ನಡಕೋತ ಬಂದೆ.”

ಮಿಸ್ತ್ರಿ ತಲೆ ತಗ್ಗಿಸಿದರು. ಕೈಯಲ್ಲಿದ್ದ ವೀಳ್ಯವನ್ನು ತಟ್ಟೆಗೆ ಮರಳಿ ಇಡಲು ಹೋದರು. ಸಾವ್ಕಾರರು ಆ ಕೈಯನ್ನು ಹಿಡಿದು ನಿಲ್ಲಿಸಿದರು. ತೊಳೆದ ಕೈಯ ಮೇಲೆ ಮತ್ತೆ ಮಸಿ ಮೆತ್ತಿತು.

“ಇರ್ಲಿ, ಅದು ನಿಮ್ದು. ಮುಂದಿನ ಸಂತಿಗೂ ಇವರನ್ನಽ ಕರೀರಿ,” ಎಂದರು ಮಾಲಕರ ಕಡೆ ತಿರುಗಿ.

ನಮ್ಮ ಮಾಲಕರು ಪದ್ಧತಿಯ ಮನುಷ್ಯರು, ಅರ್ಧ ಗೇಣು ಬಟ್ಟೆಯನ್ನೂ ಲೆಕ್ಕ ತಪ್ಪಿ ಕೊಡುವವರಲ್ಲ.

“ಅದು ಹೆಂಗ್ರೀ ಸಾವ್ಕಾರ್ರ? ತಲಿ ತೂಗಿದಾಂವ ನಮ್ಮ ಅಂಗಡಿ ಹುಡುಗ, ವೀಳ್ಯ ಕೊಟ್ಟಾಂವನೂ ಇವನಽ. ನೀವು ನಿಮ್ಮ ಜಾಗಾದಾಗ ಇರಲಿಲ್ಲ. ಹಿಂದ ಹಮಾಲರ ನಡುವ, ಎತ್ತಿನ ಗಂಟಿ ಸಪ್ಪಳದಾಗ ಕುಂತು ಇವರು ಹೆಂಗ ಹಾಡಿದ್ರಂತ ನಿಮಗ ಹೆಂಗ ತಿಳೀತು?”

ಸಾವ್ಕಾರರು ಮಸಿಯಾದ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಉಳಿದಿದ್ದ ವಿಭೂತಿಯೂ ಮಸಿಯೊಳಗೆ ಕೂಡಿಹೋಯಿತು. ಒಮ್ಮೆ ತಬಲಾದವನ ಹುಬ್ಬನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮಾಲಕರಿಗೆ ಹೇಳಿದರು:

“ಮುಂದ ಕುಂತ್ರ ನನಗ ತಲಿ ತೂಗೂ ಕೆಲಸ ಇರ್ತೈತಿ. ಇವತ್ತ ಆ ಕೆಲಸ ಇಂವ ಮಾಡಿದಾ, ನಾ ಹಾಡು ಕೇಳಿದೆ.”